ಹಳೇ ಓಪನ್ ಟಾಪ್ ಕಾರಲ್ಲಿ ಮಳೆ ನೀರು ಎಲ್ಲಿಗೆ ಹೋಗತ್ತೆ

ಇಲ್ಲಿ ಇಂಗ್ಲೆಂಡಲ್ಲಿ ಏಪ್ರಿಲ್ ಬಂದು ನಾಲ್ಕು ದಿನ ಬಿಸಿಲು ಕಂಡ್ರೆ ಸಾಕು, ನಮ್ಮ ಆಫೀಸಿನ ಕನ್ನಡದ ಹುಡುಗರಲ್ಲಿ ಒಬ್ರಾದ್ರೂ ಬಂದು ಕೇಳ್ತಾರೆ, ಅಣ್ಣ ಒಂದು ಹಳೇ ಓಪನ್ ಟಾಪ್ ಕಾರು, ಮಜ್ದಾ ಎಂಎಕ್ಸ್-5 ನೋಡಿದೀನಿ, ಎರಡೂವರೆ ಸಾವಿರ ಪೌಂಡ್ ಹೇಳ್ತಿದಾನೆ, ತಗೊಳ್ಳಲಾ ಬೇಡವಾ ಅಂತ. ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ 1999ರದ್ದೊಂದು ಕಾರು ಎಂಟು ವರ್ಷದಿಂದ ನನ್ನ ಹತ್ರ ಇದೆ, ಶನಿವಾರ ಬೆಳಗ್ಗೆ ನಾನು ಅದರ ಕೆಳಗೆ ಮಲಗಿರೋದನ್ನ ಎಲ್ಲರೂ ನೋಡಿದಾರೆ. ಹೂಂ ಅಥವಾ ಬೇಡ ಅಂತ ಒಂದೇ ಮಾತಲ್ಲಿ ಹೇಳೋಕೆ ನನಗೆ ಮನಸ್ಸು ಬರಲ್ಲ, ಯಾಕಂದ್ರೆ ಈ ಕಾರಿನ ಕಷ್ಟ ಜನ ಅಂದ್ಕೊಂಡಿರೋ ಜಾಗದಲ್ಲಿ ಇಲ್ಲ. ಎಲ್ಲರೂ ಬಾನೆಟ್ ಎತ್ತಿ ಇಂಜಿನ್ ನೋಡ್ತಾರೆ, ಸ್ಟಾರ್ಟ್ ಮಾಡಿಸಿ ಸೌಂಡ್ ಕೇಳ್ತಾರೆ, ಟಾಪ್ ತೆಗೆದು ಒಂದು ರೌಂಡ್ ಹೋಗಿ ಬಂದು ದುಡ್ಡು ಕೊಟ್ಟುಬಿಡ್ತಾರೆ. ಆದ್ರೆ ಕೇಳಬೇಕಾಗಿರೋ ಪ್ರಶ್ನೆ ಬೇರೆ, ಮಳೆ ಬಂದಾಗ ಈ ಕಾರಿನ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗತ್ತೆ ಅನ್ನೋದು.

ಯಾವ ಕಾರಿನ ಬಗ್ಗೆ ಮಾತು ಅಂತ ಮೊದ್ಲು ಹೇಳಿಬಿಡ್ತೀನಿ. ಮಜ್ದಾ ಎಂಎಕ್ಸ್-5, ಅಮೆರಿಕಾದವರು ಮಿಯಾಟಾ ಅಂತಾರೆ, ಜಪಾನಲ್ಲಿ ಮೊದಮೊದ್ಲು ಯೂನೋಸ್ ರೋಡ್‌ಸ್ಟರ್ ಅಂತ ಮಾರ್ತಿದ್ರು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ತೋರಿಸಿದ್ದು. ಎಂಜಿ, ಟ್ರಯಂಫ್, ಲೋಟಸ್ ಇವರೆಲ್ಲಾ 60ರ ದಶಕದಲ್ಲಿ ಮಾಡ್ತಿದ್ದಂಥ ಪುಟ್ಟ ಓಪನ್ ಕಾರಿನ ಐಡಿಯಾನೇ ಇದು, ಎರಡೇ ಸೀಟು, ಇಂಜಿನ್ ಮುಂದೆ, ಎಳೆಯೋ ಶಕ್ತಿ ಹಿಂದಿನ ಚಕ್ರಕ್ಕೆ, ತೂಕ ಒಂದು ಟನ್ನಿನ ಒಳಗೆ. 1980ಕ್ಕೆ ಎಂಜಿಬಿ ಕೂಡ ನಿಂತುಹೋಗಿ ಆ ಥರದ ಕಾರುಗಳ ಕಾಲ ಮುಗೀತು ಅನ್ನೋ ಹೊತ್ತಲ್ಲಿ ಜಪಾನಿನವರು ಅದನ್ನೇ ಸೋರದ, ದಾರೀಲಿ ಕೈಕೊಡದ ಹಾಗೆ ಮಾಡಿ ಕೊಟ್ರು, 2016ರ ಏಪ್ರಿಲ್ ಹೊತ್ತಿಗೆ 10 ಲಕ್ಷ ಕಾರು ತಯಾರಾಗಿತ್ತು. ಮೊದಲನೇ ಮಾಡೆಲ್ 1997ರ ತನಕ ಬಂತು, ಕಪ್ಪೆ ಕಣ್ಣಿನ ಹಾಗೆ ಮೇಲೆ ಏಳೋ ಹೆಡ್‌ಲೈಟ್ ಇರೋದು ಅದೇ, ಇಲ್ಲಿ ಮಾರ್ಕ್ 1 ಅಂತಾರೆ. 1998ರಿಂದ 2005ರ ತನಕ ಬಂದಿದ್ದು ಮಾರ್ಕ್ 2. ಕಡಿಮೆ ದುಡ್ಡಿಗೆ ಸಿಗೋ ಕಾರುಗಳು ಹೆಚ್ಚಾಗಿ ಈ ಎರಡೇ, ಅಂದ್ರೆ ಈಗ 20 ವರ್ಷ ದಾಟಿದವು. ಸೋರಲ್ಲ ಅಂತ ಹೊಸದ್ರಲ್ಲಿ ಹೇಳಿದ ಮಾತು ನಿಜಾನೇ, ಆದ್ರೆ ಮೂವತ್ತು ವರ್ಷ ಆದ್ಮೇಲೂ ಆ ಮಾತು ನಿಲ್ಲಲಿ ಅಂತ ಯಾವ ಕಾರಿಂದಲೂ ಕೇಳೋಕಾಗಲ್ಲ.

ಇಂಜಿನ್ ವಿಷಯ ಬೇಗ ಮುಗಿಸ್ತೀನಿ, ಅದು ಗಟ್ಟಿ. 1.6 ಆಗಲಿ 1.8 ಆಗಲಿ, ಆಯಿಲ್ ಸರಿಯಾಗಿ ಬದಲಾಯಿಸಿ 60,000 ಮೈಲಿಗೊಂದ್ಸಲ ಟೈಮಿಂಗ್ ಬೆಲ್ಟ್ ಹಾಕಿಸ್ತಾ ಬಂದ್ರೆ ಬಹಳ ದೂರ ಹೋಗತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕ ಟಕ ಅಂತ ವಾಲ್ವ್ ಕಡೆಯಿಂದ ಸದ್ದು ಬರೋದು ಈ ಇಂಜಿನ್‌ಗಳಲ್ಲಿ ಮಾಮೂಲು, ಬಿಸಿಯಾದ್ಮೇಲೆ ನಿಲ್ಲತ್ತೆ. ರೇಡಿಯೇಟರ್ ಮೇಲ್ಗಡೆ ಪ್ಲಾಸ್ಟಿಕ್ ಭಾಗ ಕಪ್ಪಿಂದ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಒಡೆಯೋ ಟೈಮ್ ಹತ್ರ ಬಂತು ಅಂತ ಅರ್ಥ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸೋ ಸಣ್ಣ ಭಾಗ, ಸ್ಲೇವ್ ಸಿಲಿಂಡರ್ ಅಂತಾರೆ, ಅದು ಲೀಕ್ ಆಗತ್ತೆ, ಅದರದ್ದು ಸಣ್ಣ ಖರ್ಚು. ತೀರಾ ಮೊದಲಿನ, 1991ರ ತನಕದ 1.6 ಇಂಜಿನ್‌ಗಳಲ್ಲಿ ಮಾತ್ರ ಕ್ರ್ಯಾಂಕಿನ, ಅಂದ್ರೆ ಇಂಜಿನ್ ಒಳಗೆ ತಿರುಗೋ ಮುಖ್ಯ ದಂಡದ, ಮೂತಿ ಗಿಡ್ಡ, ಅಲ್ಲಿ ಪುಲ್ಲಿ ಕೂರೋ ಜಾಗ ಸವೆದು ಅಲ್ಲಾಡೋಕೆ ಶುರುವಾದ್ರೆ ಇಂಜಿನ್ನೇ ಬಿಚ್ಚಬೇಕಾಗಬಹುದು, ಅದೊಂದು ನೋಡ್ಕೊಳ್ಳಿ. ಉಳಿದಿದ್ದೆಲ್ಲಾ ಸ್ಪಾನರ್ ಹಿಡಿಯೋಕೆ ಗೊತ್ತಿರೋರು ಮನೆ ಮುಂದೆ ನಿಲ್ಲಿಸ್ಕೊಂಡು ಮಾಡೋ ಕೆಲಸ, ಪಾರ್ಟ್ಸೂ ಸಿಗತ್ತೆ, ಮಜ್ದಾನೇ ಜಪಾನಲ್ಲಿ ಮಾರ್ಕ್ 1ಕ್ಕೆ ಕೆಲವು ಪಾರ್ಟ್ಸ್ ಮತ್ತೆ ಮಾಡೋಕೆ ಶುರು ಮಾಡಿದೆ.

ಅಸಲಿ ವಿಷಯ ಬಾಡಿ. ಇದು ಅರ್ಥ ಆಗಬೇಕಂದ್ರೆ ಮನೇಲಿರೋ ಒಂದು ಸ್ವೀಟ್ ಬಾಕ್ಸ್ ತಗೊಳ್ಳಿ, ಮೈಸೂರ್ ಪಾಕ್ ಬರತ್ತಲ್ಲ ಆ ರಟ್ಟಿನ ಡಬ್ಬಿ. ಮುಚ್ಚಳ ಹಾಕಿ ಎರಡೂ ತುದಿ ಹಿಡಿದು ತಿರುಚೋಕೆ ನೋಡಿ, ಸುಲಭಕ್ಕೆ ತಿರುಚಲ್ಲ. ಮುಚ್ಚಳ ತೆಗೆದು ಅದನ್ನೇ ಮಾಡಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳತ್ತೆ. ಮಾಮೂಲಿ ಕಾರಲ್ಲಿ ಟಾಪೇ ಆ ಮುಚ್ಚಳ, ಅದು ಬರೀ ಬಿಸಿಲು ಮಳೆಗೆ ಅಡ್ಡ ಅಲ್ಲ, ಕಂಬಗಳ ಮೂಲಕ ಇಡೀ ಬಾಡಿಯನ್ನ ಬಿಗಿಯಾಗಿ ಹಿಡಿದಿರತ್ತೆ. ಓಪನ್ ಕಾರಲ್ಲಿ ಅದಿಲ್ಲ, ಹಾಗಾಗಿ ಆ ಭಾರವನ್ನೆಲ್ಲಾ ಕೆಳಗಿನ ಫ್ಲೋರ್, ಮಧ್ಯದ ಟನಲ್, ಆಮೇಲೆ ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕ ಹೋಗೋ ಡಬ್ಬಿಯಂಥ ಪಟ್ಟಿ, ಅದಕ್ಕೆ ಸಿಲ್ ಅಂತಾರೆ, ಇವೇ ಹೊರಬೇಕು. ಕೆಟ್ಟ ರಸ್ತೇಲಿ ಹೋಗ್ವಾಗ ಡ್ಯಾಶ್‌ಬೋರ್ಡೂ ವಿಂಡ್‌ಸ್ಕ್ರೀನ್ ಫ್ರೇಮೂ ಬೇರೆ ಬೇರೆಯಾಗಿ ನಡುಗಿದ ಹಾಗೆ ಕಾಣತ್ತಲ್ಲ, ಅದು ಆ ಮುಚ್ಚಳ ಇಲ್ಲದ್ದರ ಗುರುತು. ಹೊಸ ಕಾರಲ್ಲೂ ಸ್ವಲ್ಪ ಇರತ್ತೆ. ಆದ್ರೆ ಈಗ ಯೋಚನೆ ಮಾಡಿ, ಮಾಮೂಲಿ ಕಾರಲ್ಲಿ ಸಿಲ್‌ಗೆ ತುಕ್ಕು ಹಿಡಿದ್ರೇ ತೊಂದರೆ, ಓಪನ್ ಕಾರಲ್ಲಿ ಹಿಡಿದ್ರೆ ಬೆನ್ನುಮೂಳೆಗೇ ಹಿಡಿದ ಹಾಗೆ, ಬಾಗಿಲು ಮುಚ್ಚುವಾಗ ಒಂದು ಕಡೆ ತಾಗೋದು, ಸಂದು ಮೇಲೆ ಅಗಲ ಕೆಳಗೆ ಕಿರಿದಾಗೋದು, ಇದೆಲ್ಲಾ ಅಲ್ಲಿಂದಾನೇ ಶುರು.

ಮತ್ತೆ ಆ ಸಿಲ್‌ಗೆ ತುಕ್ಕು ತರೋದು ಯಾವುದು ಅಂದ್ರೆ ಟಾಪ್ ಮೇಲೆ ಬಿದ್ದ ಮಳೆ ನೀರೇ. ಬಟ್ಟೆಯ ಟಾಪ್ ಸೀಟಿನ ಹಿಂದೆ ಬಾಡಿಗೆ ಸೇರೋ ಕಡೆ ಒಂದು ಪ್ಲಾಸ್ಟಿಕ್ ಪಟ್ಟಿ ಇದೆ, ಅದು ಗಟಾರದ ಕೆಲಸ ಮಾಡತ್ತೆ. ಹಿಂದಿನ ಗ್ಲಾಸ್ ಮೇಲೆ ಇಳಿದ ನೀರನ್ನ ಎಡಕ್ಕೂ ಬಲಕ್ಕೂ ಹಂಚಿ ಸೀಟ್ ಬೆಲ್ಟ್ ಕಂಬದ ಹಿಂದೆ ಇರೋ ಎರಡು ತೂತಿಗೆ ಕಳಿಸತ್ತೆ, ಅಲ್ಲಿಂದ ಪೈಪಲ್ಲಿ ಇಳಿದು ಹಿಂದಿನ ಚಕ್ರದ ಸ್ವಲ್ಪ ಮುಂದೆ, ಕಾರಿನ ಹೊಟ್ಟೆ ಕೆಳಗಿಂದ ನೆಲಕ್ಕೆ ಬೀಳತ್ತೆ. ಬಹಳ ಅಚ್ಚುಕಟ್ಟಾದ ವ್ಯವಸ್ಥೆ. ಆದ್ರೆ ನಮ್ಮ ಮಲೆನಾಡಿನ ಹೆಂಚಿನ ಮನೆ ನೋಡಿದೋರಿಗೆ ಹೇಳಬೇಕಾಗಿಲ್ಲ, ಎರಡು ಮಾಡು ಸೇರೋ ಕಡೆ ತಗಡಿನ ಗಟಾರದಲ್ಲಿ ಎಲೆ ಕಟ್ಕೊಂಡ್ರೆ ಹೆಂಚು ಎಷ್ಟೇ ಚೆನ್ನಾಗಿದ್ರೂ ನೀರು ಒಳಗೇ ಇಳಿಯೋದು, ಅದಕ್ಕೇ ಮಳೆಗಾಲಕ್ಕೆ ಮುಂಚೆ ಯಾರಾದ್ರೂ ಒಬ್ರು ಮೇಲೆ ಹತ್ತಲೇಬೇಕು. ಇಲ್ಲೂ ಅಷ್ಟೆ. ಎಲೆ, ಹೂವಿನ ಪುಡಿ, ಟಾಪ್ ಬಟ್ಟೆಯಿಂದ ಉದುರಿದ ಜೂಲು, ಎಲ್ಲಾ ಸೇರಿ ತೂತು ಕಟ್ಕೊಳ್ಳತ್ತೆ. ಆಮೇಲೆ ನೀರಿಗೆ ಎರಡೇ ದಾರಿ, ಒಂದು ತುಂಬಿ ಹರಿದು ಸೀಟಿನ ಹಿಂದಿನ ಕಾರ್ಪೆಟ್‌ಗೆ, ಇನ್ನೊಂದು ಸಿಲ್ ಒಳಕ್ಕೆ. ಕಾರ್ಪೆಟ್‌ಗೆ ಬಂದ್ರೆ ನಿಮ್ಮ ಪುಣ್ಯ, ವಾಸನೆ ಬಂದು ಗೊತ್ತಾಗತ್ತೆ. ಸಿಲ್ ಒಳಗೆ ಹೋಗಿದ್ದು ಯಾರಿಗೂ ಗೊತ್ತಾಗದೆ ಅಲ್ಲೇ ಕೂತು ವರ್ಷಗಟ್ಟಲೆ ಒಳಗಿಂದ ಹೊರಕ್ಕೆ ತಿನ್ನತ್ತೆ, ಪೇಂಟ್ ಮೇಲೆ ಕಡಲೆ ಕಾಳಿನಷ್ಟು ಗುಳ್ಳೆ ಕಾಣೋ ಹೊತ್ತಿಗೆ ಒಳಗಿನ ತಗಡು ಹಪ್ಪಳ ಆಗಿರತ್ತೆ.

ನಾನು ಮೊದಲನೇ ವರ್ಷ ಇದನ್ನ ತಿಳ್ಕೊಂಡಿರಲಿಲ್ಲ. ಮನೆ ಮುಂದೆ ಒಂದು ದೊಡ್ಡ ಮರ, ಅದರ ಕೆಳಗೇ ನಿಲ್ಲಿಸ್ತಿದ್ದೆ, ಅಕ್ಟೋಬರಲ್ಲಿ ಎಲೆ ಉದುರಿ ಉದುರಿ ಕಾರು ಮುಚ್ಚಿಹೋಗ್ತಿತ್ತು, ಮೇಲಿಂದ ಗುಡಿಸಿ ಸುಮ್ನಾಗ್ತಿದ್ದೆ. ಜನವರಿಯಲ್ಲಿ ಒಂದಿನ ಗ್ಲಾಸಿನ ಒಳಗಡೆಯೇ ಮಂಜು ಹೆಪ್ಪುಗಟ್ಟಿತ್ತು, ಏನಪ್ಪಾ ಅಂತ ಸೀಟು ಮುಂದಕ್ಕೆ ತಳ್ಳಿ ಕಾರ್ಪೆಟ್ ಒತ್ತಿದ್ರೆ ನೀರು ಬಂತು. ಎಲ್ಲಾ ಬಿಚ್ಚಿ ಒಣಗಿಸೋಕೆ ಎರಡು ವಾರ ಹಿಡೀತು, ತೂತಿಂದ ಪ್ಲಾಸ್ಟಿಕ್ ಕಡ್ಡಿ ಹಾಕಿ ತೆಗೆದಿದ್ದು ಒಂದು ಹಿಡಿ ಕಪ್ಪು ಗೊಬ್ಬರ. ಒಂದು ಟಿಪ್ಪು, ಕಬ್ಬಿಣದ ಕಡ್ಡಿ ಹಾಕಬೇಡಿ, ಒಳಗಿನ ಪೈಪ್ ತೂತಾದ್ರೆ ನೀವೇ ನೀರನ್ನ ಸಿಲ್‌ಗೆ ಬಿಟ್ಟ ಹಾಗಾಗತ್ತೆ.

ಇದರ ಮೇಲೆ ಇಲ್ಲಿನ ಉಪ್ಪು. ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ ಕಟ್ಟದೇ ಇರಲಿ ಅಂತ ರಾತ್ರಿ ಲಾರಿಯಲ್ಲಿ ಕಲ್ಲುಪ್ಪು ಚೆಲ್ಲಿಕೊಂಡು ಹೋಗ್ತಾರೆ, ಚೆಶೈರಿನ ವಿನ್ಸ್‌ಫರ್ಡಲ್ಲಿ ನೆಲದಾಳದಿಂದ ಇದಕ್ಕಂತಲೇ ಉಪ್ಪು ತೆಗೆಯೋ ದೊಡ್ಡ ಗಣಿ ಇದೆ. ಆ ಉಪ್ಪು ನೀರು ಚಕ್ರದಿಂದ ಹಾರಿ ಸಿಲ್ ಹೊರಗಡೆಗೆ ಹೊಡೆಯತ್ತೆ. ಒಳಗಿಂದ ಮಳೆ ನೀರು ಹೊರಗಿಂದ ಉಪ್ಪು, ಎರಡೂ ಸೇರೋದು ಹಿಂದಿನ ಚಕ್ರದ ಮುಂದಿನ ಒಂದು ಅಡಿ ಜಾಗದಲ್ಲಿ, ಅದಕ್ಕೇ ಈ ಕಾರುಗಳು ಕೊಳೆಯೋಕೆ ಶುರುವಾಗೋದು ಹೆಚ್ಚಾಗಿ ಅಲ್ಲಿಂದಾನೇ. ಕ್ಯಾಲಿಫೋರ್ನಿಯಾದಲ್ಲಿ ಇರೋ ನಮ್ಮವರು ಇದನ್ನ ಓದಿ ನಮ್ಮ ಕಾರಿಗೇನೂ ಆಗಿಲ್ಲವಲ್ಲ ಅಂದ್ರೆ ಅದೂ ನಿಜ, ಅಲ್ಲಿ ಉಪ್ಪೂ ಇಲ್ಲ ಅಷ್ಟೊಂದು ಮಳೆಯೂ ಇಲ್ಲ, ಅವರ ಕಷ್ಟ ಬಿಸಿಲಿಗೆ ಟಾಪ್ ಸೀಳೋದು, ಡ್ಯಾಶ್‌ಬೋರ್ಡ್ ಬಿರುಕು ಬಿಡೋದು.

ಮಾರ್ಕ್ 2ರಲ್ಲಿ ಇನ್ನೊಂದು ಗುಪ್ತ ಜಾಗ ಇದೆ, ಮುಂದಿನ ಬಂಪರ್ ಹಿಂದೆ ಉದ್ದಕ್ಕೆ ಬರೋ ಎರಡು ಚಾಸಿ ರೈಲು, ಅಂದ್ರೆ ಬಾಡಿಗೆ ಬಲ ಕೊಡೋ ತಗಡಿನ ತೊಲೆಗಳು. ಅಲ್ಲಿ ತಗಡು ಎರಡು ಪದರ, ಮಧ್ಯದಲ್ಲಿ ಕೆಸರು ನೀರು ಸೇರ್ಕೊಂಡು ಕೊಳೆಯತ್ತೆ, ಮೇಲಾಗಿ ಕೆಳಗಡೆ ಪ್ಲಾಸ್ಟಿಕ್ ಮುಚ್ಚಳ ಇರೋದ್ರಿಂದ ಕಣ್ಣಿಗೆ ಬೀಳಲ್ಲ. ಸಿಲ್ ಹೊಸದಾಗಿ ಹಾಕ್ಸಿದೀನಿ ಅಂತ ಹೇಳೋ ಮಾರ್ಕ್ 2 ಕಾರುಗಳಲ್ಲೂ ಇದನ್ನ ಯಾರೂ ಮುಟ್ಟಿರಲ್ಲ. ಆಕ್ಸಿಡೆಂಟ್ ಆದಾಗ ಮೊದಲ ಏಟು ತಿನ್ನಬೇಕಾಗಿರೋದು ಇದೇ ರೈಲು, ಹಾಗಾಗಿ ಇದು ಬರೀ ಪೇಂಟಿನ ವಿಷಯ ಅಲ್ಲ.

ಇಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಅನ್ನೋ ಟೆಸ್ಟ್ ಇದೆ, ನಮ್ಮ ಎಫ್‌ಸಿ ಥರ, ಆದ್ರೆ ಸ್ವಂತ ಕಾರಿಗೂ ಕಡ್ಡಾಯ. ಸಸ್ಪೆನ್ಷನ್ನು, ಸೀಟ್ ಬೆಲ್ಟು ಬಾಡಿಗೆ ಸೇರೋ ಜಾಗದಿಂದ 30 ಸೆಂಟಿಮೀಟರ್ ಒಳಗೆ ಜಾಸ್ತಿ ತುಕ್ಕು ಕಂಡ್ರೆ ಫೇಲು. ಎಂಎಕ್ಸ್-5 ಸಿಲ್ಲಿನ ಹಿಂದಿನ ತುದಿ ಆ ಅಳತೆಯೊಳಗೇ ಬರತ್ತೆ. ಫೇಲಾದ್ರೆ ವೆಲ್ಡಿಂಗ್, ಅದರಲ್ಲೂ ತೇಪೆ ಹಾಕಿದ್ರೆ ಸುತ್ತಲೂ ಬಿಡದೆ ವೆಲ್ಡ್ ಮಾಡಿರಬೇಕು. ಸರಿಯಾಗಿ ಮಾಡೋರು ಕೊಳೆತಿದ್ದನ್ನೆಲ್ಲಾ ಕತ್ತರಿಸಿ ತೆಗೆದು, ಒಳಗಿನ ಪದರ ಸರಿ ಮಾಡಿ, ಆಮೇಲೆ ಹೊರಗಿನ ಹೊಸ ತಗಡು ಕೂರಿಸಿ, ಒಳಗೆ ಮೇಣದಂಥ ಎಣ್ಣೆ ಸ್ಪ್ರೇ ಮಾಡ್ತಾರೆ. ಎರಡೂ ಕಡೆ ಹೀಗೆ ಮಾಡಿಸಿದ್ರೆ ಕಾರಿಗೆ ಕೊಟ್ಟ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಆಗೋದು ಸುಲಭ. ಅದಕ್ಕೇ ಮಾರೋ ಮುಂಚೆ ಕೆಲವರು ಕೊಳೆತದ್ದರ ಮೇಲೇ ಒಂದು ತೇಪೆ ಹಾಕಿ, ಪುಟ್ಟಿ ಮೆತ್ತಿ, ಕಪ್ಪು ಅಂಡರ್‌ಕೋಟ್ ಬಳಿದು ಹೊಳೆಯೋ ಹಾಗೆ ಮಾಡಿಬಿಡ್ತಾರೆ. ಫ್ರಿಜ್ ಮೇಲಿನ ಒಂದು ಮ್ಯಾಗ್ನೆಟ್ ಜೇಬಲ್ಲಿ ಹಾಕ್ಕೊಂಡು ಹೋಗಿ, ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಇಟ್ಟು ನೋಡಿ, ಪುಟ್ಟಿ ಇರೋ ಕಡೆ ಅಂಟಲ್ಲ. ಇನ್ನೊಂದು, ಕಾರಿನ ನಂಬರ್ ಹಾಕಿದ್ರೆ ಹಳೇ ಎಂಒಟಿಗಳ ರಿಪೋರ್ಟ್ ಸರ್ಕಾರದ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗತ್ತೆ. ಒಂದು ವರ್ಷ ಸಿಲ್ಲಿಗೆ ತುಕ್ಕು ಅಂತ ಎಚ್ಚರಿಕೆ ಬರೆದು, ಮಾರನೇ ವರ್ಷ ರಿಪೇರಿ ಬಿಲ್ ಇಲ್ಲದೇ ಆ ಸಾಲು ಮಾಯ ಆಗಿ ಕೆಳಭಾಗಕ್ಕೆ ದಪ್ಪ ಕೋಟಿಂಗ್ ಹೊಡೆದಿದೆ ಅಂತ ಬಂದಿದ್ರೆ ಅಲ್ಲಿಂದ ವಾಪಸ್ ಬನ್ನಿ.

ಟಾಪ್ ಬಗ್ಗೆ. ಅದು ಬಟ್ಟೆ, ಬಟ್ಟೆಗೆ ಆಯಸ್ಸು ಅಂತ ಇದೆ. ಮಾರ್ಕ್ 1ರಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್, ಟಾಪ್ ಇಳಿಸೋ ಮುಂಚೆ ಅದರ ಜಿಪ್ ಬಿಚ್ಚಿ ಮಲಗಿಸಬೇಕು, ಹಾಗೇ ಮಡಚಿದ್ರೆ ಗೆರೆ ಬಿದ್ದು ಕೆಲವೇ ವರ್ಷಕ್ಕೆ ಮಂಜಾಗಿ ಹಿಂದಿನದೇನೂ ಕಾಣಲ್ಲ, ಚಳೀಲಿ ಮಡಚಿದ್ರಂತೂ ಒಡೆದೇ ಹೋಗಬಹುದು. ಮಾರ್ಕ್ 2ರಲ್ಲಿ ಗ್ಲಾಸು, ಬಿಸಿ ಮಾಡೋ ತಂತಿಯೂ ಇದೆ, ಆ ಒಂದು ಕಾರಣಕ್ಕೇ ನಾನು ಮಾರ್ಕ್ 2 ತಗೊಂಡಿದ್ದು. ಹೊಸ ಟಾಪ್ ಹಾಕಿಸೋಕೆ ನೂರಾರು ಪೌಂಡ್ ಆಗತ್ತೆ, ಹಾಕಿಸುವಾಗ ಆ ಗಟಾರದ ಪ್ಲಾಸ್ಟಿಕ್ ಪಟ್ಟಿಯನ್ನೂ ಹೊಸದು ಹಾಕಿಸಿ, ಹಳೇದನ್ನೇ ಬಿಟ್ಟು ದುಡ್ಡು ಉಳಿಸೋಕೆ ಹೋದ್ರೆ ಹೊಸ ಟಾಪ್ ಇದ್ದೂ ನೀರು ಒಳಗೇ ಬರತ್ತೆ. ಕಳ್ಳರ ಕಾಟ ಬೇರೆ. ಬ್ಲೇಡಲ್ಲಿ ಒಂದು ಗೀರು ಹಾಕಿದ್ರೆ ಕಾರಿನ ಒಳಗೆ ಕೈ ಹೋಗತ್ತೆ, ಹತ್ತು ಪೌಂಡಿನ ಚಾರ್ಜರ್ ಆಸೆಗೆ ನೂರಾರು ಪೌಂಡಿನ ಟಾಪ್ ಹೋಗಿರತ್ತೆ. ಹಾಗಾಗಿ ಒಳಗೆ ಒಂದು ಚೀಲವನ್ನೂ ಬಿಡೋ ಹಾಗಿಲ್ಲ. ಡಿಕ್ಕಿಯಲ್ಲಿ ಇಡೋಣ ಅಂದ್ರೆ ಅಲ್ಲಿ ಸ್ಟೆಪ್ನಿ ಇದೆ, ಬ್ಯಾಟರಿಯೂ ಅಲ್ಲೇ ಇದೆ. ಆ ಬ್ಯಾಟರಿಯೂ ಎಲ್ಲಾ ಅಂಗಡೀಲಿ ಸಿಗೋ ಥರದ್ದಲ್ಲ, ಗ್ಯಾಸ್ ಹೊರಗೆ ಹೋಗೋಕೆ ಪೈಪ್ ಇರೋ ಸಣ್ಣ ಸೈಜಿನದ್ದೇ ಬೇಕು.

ಜನ ಮಾಡೋ ಇನ್ನೊಂದು ತಪ್ಪು, ವಾರಕ್ಕೊಂದ್ಸಲ ಓಡಿಸೋ ಕಾರು ತಾನೇ ಸವೆಯೋದು ಕಮ್ಮಿ ಅಂದ್ಕೊಳ್ಳೋದು. ನಿಂತ ಕಾರು ಬೇರೆ ಥರ ಹಾಳಾಗತ್ತೆ. ಹಿಂದಿನ ಚಕ್ರದ ಬ್ರೇಕ್ ಒತ್ತಿ ಹಿಡಿಯೋ ಕ್ಯಾಲಿಪರ್‌ಗೆ ಹ್ಯಾಂಡ್‌ಬ್ರೇಕ್ ಮೆಕ್ಯಾನಿಸಮ್ ಸೇರಿರೋದ್ರಿಂದ ಚಳಿಗಾಲ ಪೂರ್ತಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ್ರೆ ಅಲ್ಲೇ ಹಿಡ್ಕೊಂಡುಬಿಡತ್ತೆ. ಬ್ಯಾಟರಿ ಇಳಿಯತ್ತೆ, ಪೆಟ್ರೋಲ್ ಹಳಸತ್ತೆ, ಈಗ ಇಲ್ಲಿ ಮಾಮೂಲಿಯಾಗಿ ಸಿಗೋದು ಇ10, ಅಂದ್ರೆ ನೂರಕ್ಕೆ 10ರಷ್ಟು ತನಕ ಎಥನಾಲ್ ಇರೋದು, ಹಳೇ ರಬ್ಬರ್ ಪೈಪುಗಳಿಗೆ ಅದು ಒಳ್ಳೇದಲ್ಲ ಅಂತ ನಾನು ಜಾಸ್ತಿ ರೇಟಿನ ಇ5 ಹಾಕಿಸ್ತೀನಿ. ಟೈರ್ ನೋಡಿ ಇನ್ನೂ ದಪ್ಪ ಇದೆಯಲ್ಲ ಅಂತ ಖುಷಿ ಪಡಬೇಡಿ, ಪಕ್ಕದಲ್ಲಿ ನಾಲ್ಕು ಅಂಕಿ ಬರೆದಿರತ್ತೆ, ಮೊದಲ ಎರಡು ವಾರ, ಕೊನೆ ಎರಡು ವರ್ಷ. 2311 ಅಂತಿದ್ರೆ 2011ರ 23ನೇ ವಾರದ ಟೈರು, ಕಲ್ಲಿನ ಹಾಗೆ ಗಟ್ಟಿಯಾಗಿರತ್ತೆ, ಹಿಂದಿನ ಚಕ್ರ ಎಳೆಯೋ ಹಗುರ ಕಾರಿಗೆ ಒದ್ದೆ ರಸ್ತೇಲಿ ಅಂಥ ಟೈರ್ ಇದ್ರೆ ತಿರುವಲ್ಲಿ ಹಿಂಭಾಗ ಜಾರಿಹೋಗತ್ತೆ, ತಡೆಯೋಕೆ ಈಗಿನ ಕಾರುಗಳಲ್ಲಿರೋ ಸ್ಟೆಬಿಲಿಟಿ ಕಂಟ್ರೋಲ್ ಮಾರ್ಕ್ 1ರಲ್ಲಿ ಇಲ್ಲವೇ ಇಲ್ಲ.

ದುಡ್ಡಿನ ಲೆಕ್ಕದಲ್ಲಿ ಯಾರೂ ಹೇಳದೇ ಇರೋದು ಇನ್ಶೂರೆನ್ಸ್ ವಿಷಯ. ನೀವು ಎರಡೂವರೆ ಸಾವಿರಕ್ಕೆ ತಗೊಂಡು ಇನ್ನೆರಡು ಸಾವಿರ ಸುರಿದು ಸಿಲ್ಲು, ಟಾಪು, ಟೈರು ಎಲ್ಲಾ ಮಾಡ್ಸಿದ್ರಿ ಅಂತಿಟ್ಕೊಳ್ಳಿ. ಯಾರೋ ಹಿಂದಿನಿಂದ ಮೆಲ್ಲಗೆ ಗುದ್ದಿದ್ರೂ ಈಗಿನ ಲೇಬರ್ ರೇಟಲ್ಲಿ ರಿಪೇರಿ ಖರ್ಚು ಕಾರಿನ ಮಾರ್ಕೆಟ್ ಬೆಲೆಯನ್ನ ದಾಟತ್ತೆ, ಆಗ ಇನ್ಶೂರೆನ್ಸ್‌ನವರು ರಿಪೇರಿ ಮಾಡಿಸಲ್ಲ, ಕಾರನ್ನೇ ರೈಟ್ ಆಫ್ ಮಾಡಿ ಆ ವಯಸ್ಸಿನ ಕಾರಿಗೆ ಅವರು ಲೆಕ್ಕ ಹಾಕಿದ ಬೆಲೆ ಕೊಡ್ತಾರೆ, ನೀವು ಹಾಕಿದ ಎರಡು ಸಾವಿರದ ಬಹುಪಾಲು ಅದರಲ್ಲಿ ಕಾಣಲ್ಲ. ಅದಕ್ಕೇ ಮೊದ್ಲೇ ಫೋಟೋ, ಬಿಲ್ ಎಲ್ಲಾ ಕೊಟ್ಟು ಬೆಲೆ ಒಪ್ಪಿಸ್ಕೊಂಡು ಮಾಡೋ ಕ್ಲಾಸಿಕ್ ಪಾಲಿಸಿ ಕೇಳಿ, ವರ್ಷಕ್ಕೆ ಇಷ್ಟೇ ಮೈಲಿ ಅಂತ ಮಿತಿ ಇರತ್ತೆ, ಆದ್ರೂ ಅದೇ ವಾಸಿ. ರೋಡ್ ಟ್ಯಾಕ್ಸಿನದ್ದೂ ಒಂದು ವಿಚಿತ್ರ, 2001ರ ಮಾರ್ಚ್ 1ಕ್ಕೆ ಮುಂಚೆ ರಿಜಿಸ್ಟರ್ ಆದ ಕಾರಿಗೆ ಇಂಜಿನ್ ಸೈಜ್ ಮೇಲೆ ಟ್ಯಾಕ್ಸು, ಗೆರೆ ಎಳೆದಿರೋದು 1549 ಸಿಸಿಗೆ, ಹಾಗಾಗಿ 1.6 ಕೂಡ ದೊಡ್ಡ ಇಂಜಿನ್ ಲೆಕ್ಕಕ್ಕೇ ಬರತ್ತೆ. ಲಂಡನ್ ಒಳಗೆ ಇರೋರು ಇನ್ನೂ ಹುಷಾರು. ಹೊಗೆ ಜಾಸ್ತಿ ಬಿಡೋ ಗಾಡಿಗೆ ದಿನದ ಶುಲ್ಕ ಹಾಕೋ ಯುಲೆಜ್ ಅನ್ನೋ ವಲಯ 2023ರ ಆಗಸ್ಟ್ 29ರಿಂದ ಇಡೀ ಲಂಡನ್‌ಗೆ ಹಬ್ಬಿದೆ, ಪೆಟ್ರೋಲ್ ಕಾರು ಹೊಗೆಯ ಯೂರೋ 4 ಮಟ್ಟ ಮುಟ್ಟದಿದ್ರೆ ದಿನಕ್ಕೆ 12.50 ಪೌಂಡ್, ಮಾರ್ಕ್ 1 ಸಾಮಾನ್ಯವಾಗಿ ಮುಟ್ಟಲ್ಲ, ಮಾರ್ಕ್ 2ರಲ್ಲೂ ಕೆಲವು ಮುಟ್ಟಲ್ಲ. 40 ವರ್ಷ ದಾಟಿದ ಹಳೇ ಕಾರುಗಳಿಗೆ ವಿನಾಯಿತಿ ಇದೆ, ಆದ್ರೆ ಇವು ಇನ್ನೂ ಅಷ್ಟು ಹಳೇದಾಗಿಲ್ಲ, ಹೊಸದೂ ಅಲ್ಲ ಹಳೇದೂ ಅಲ್ಲದ ವಯಸ್ಸು.

ದಿನನಿತ್ಯಕ್ಕೆ ಇದನ್ನೇ ಇಟ್ಕೊಳ್ತೀನಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳೋದು. ಕಾರಿನ ಎತ್ತರ 1.23 ಮೀಟರ್, ನಮ್ಮೂರ ಸ್ವಿಫ್ಟ್‌ಗಿಂತ ಹೆಚ್ಚು ಕಮ್ಮಿ ಒಂದು ಅಡಿ ಕೆಳಗೆ, ಮೋಟರ್‌ವೇಯಲ್ಲಿ ಲಾರಿ ಪಕ್ಕ ಹೋಗ್ವಾಗ ನಿಮ್ಮ ಕಣ್ಣಿಗೆ ಕಾಣೋದು ಅದರ ಚಕ್ರದ ನಟ್ಟು, ಲಾರಿಯವನಿಗೆ ನೀವು ಕಾಣ್ತೀರಾ ಇಲ್ಲವಾ ಅನ್ನೋದು ಗೊತ್ತಾಗಲ್ಲ. 5 ಗೇರಿನ ಕಾರಲ್ಲಿ 70 ಮೈಲಿ ಸ್ಪೀಡಿಗೆ ಇಂಜಿನ್ 3,500 ಆರ್‌ಪಿಎಂ ದಾಟಿರತ್ತೆ, ಬಟ್ಟೆ ಟಾಪಿನ ಗಾಳಿ ಸದ್ದೂ ಸೇರಿ ಎರಡು ಗಂಟೆ ಆದ್ಮೇಲೆ ಮನೆಗೆ ಬಂದ್ರೂ ಕಿವೀಲಿ ಗುಂಯ್ ಅಂತಿರತ್ತೆ. ತಲೆ ಮೇಲೆ ಕಬ್ಬಿಣ ಇಲ್ಲ, ಕಾರು ಮಗುಚಿದ್ರೆ ಇರೋದು ವಿಂಡ್‌ಸ್ಕ್ರೀನ್ ಫ್ರೇಮ್ ಒಂದೇ, ಹಾಗಾಗಿ ನಾನು ಸೀಟಿನ ಹಿಂದೆ ರೋಲ್ ಬಾರ್ ಅನ್ನೋ ಕಬ್ಬಿಣದ ಕಮಾನು ಹಾಕಿಸಿದೀನಿ. ಮಗು ಆದ್ಮೇಲಂತೂ ಕಾರಿನ ಕಥೆ ಬದಲಾಗಿಬಿಡತ್ತೆ, ಹಿಂದಿನ ಸೀಟೇ ಇಲ್ಲ, ಹಿಂದಕ್ಕೆ ಮುಖ ಮಾಡೋ ಬೇಬಿ ಸೀಟ್ ಮುಂದೆ ಇಡಬೇಕಂದ್ರೆ ಏರ್‌ಬ್ಯಾಗ್ ಆಫ್ ಮಾಡಿರಲೇಬೇಕು ಅಂತ ಇಲ್ಲಿ ಕಾನೂನು, ನಮ್ಮ ಮನೇಲಿ ಮಗಳು ಹುಟ್ಟಿದ ಮೇಲೆ ಮೂರು ಜನ ಒಟ್ಟಿಗೆ ಈ ಕಾರಲ್ಲಿ ಹೋಗಿದ್ದು ಸೊನ್ನೆ ಸಲ.

ಇದನ್ನ ಊರಿಗೆ ತಗೊಂಡು ಹೋಗಬಹುದಾ ಅಂತಲೂ ಕೇಳ್ತಾರೆ, ನಂದಿ ಬೆಟ್ಟದ ರಸ್ತೆ, ಆಗುಂಬೆ ಘಾಟಿ ಎಲ್ಲಾ ಕಣ್ಣ ಮುಂದೆ ಬರತ್ತೆ, ನನಗೂ ಬರತ್ತೆ. ಆಗಲ್ಲ. ತಯಾರಾಗಿ ಮೂರು ವರ್ಷಕ್ಕಿಂತ ಹಳೇದಾದ ಸೆಕೆಂಡ್ ಹ್ಯಾಂಡ್ ಕಾರನ್ನ ಸಾಮಾನ್ಯವಾಗಿ ಭಾರತಕ್ಕೆ ತರೋಕೆ ಬಿಡಲ್ಲ, ತೀರಾ ಹಳೇ ವಿಂಟೇಜ್ ಕಾರುಗಳ ನಿಯಮ ಬೇರೆ, ಇದು ಅದಕ್ಕೂ ಸೇರಲ್ಲ.

ಇಷ್ಟೆಲ್ಲಾ ಹೇಳಿ ನಾನು ಯಾಕೆ ಇಟ್ಕೊಂಡಿದೀನಿ ಅಂದ್ರೆ, ಮೇ ತಿಂಗಳ ಬೆಳಗ್ಗೆ ಆರು ಗಂಟೆಗೆ ಟಾಪ್ ತೆಗೆದು ಹಳ್ಳಿ ರಸ್ತೇಲಿ ಹೋಗ್ವಾಗ ಕೊಯ್ದ ಹುಲ್ಲಿನ ವಾಸನೆ ಬರತ್ತೆ, ಸ್ಟೀರಿಂಗಲ್ಲಿ ರಸ್ತೆಯ ಒಂದೊಂದು ಕಲ್ಲೂ ಗೊತ್ತಾಗತ್ತೆ, ಗೇರ್ ಬೀಳೋ ಆ ಕಟಕ್ ಅನ್ನೋದಕ್ಕೆ ಬೇರೆ ಯಾವ ಕಾರೂ ನನಗೆ ಸಾಟಿ ಅನ್ನಿಸಿಲ್ಲ. ತಗೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ, ಎರಡೂವರೆ ಸಾವಿರ ಇದ್ರೆ ಸಾವಿರದ ಕಾರನ್ನ ತಗೊಂಡು ಮಿಕ್ಕಿದ್ದು ರಿಪೇರಿಗೆ ಅಂತ ಲೆಕ್ಕ ಹಾಕಬೇಡಿ, ಇಂಜಿನ್ ಸ್ವಲ್ಪ ಸದ್ದು ಮಾಡಿದ್ರೂ ಪರವಾಗಿಲ್ಲ ಬಾಡಿ ಗಟ್ಟಿ ಇರೋದನ್ನ ಪೂರ್ತಿ ದುಡ್ಡು ಕೊಟ್ಟು ತಗೊಳ್ಳಿ ಅಂತ ಹೇಳ್ತಿದೀನಿ.

ನೋಡೋಕೆ ಹೋಗ್ವಾಗ ಮ್ಯಾಗ್ನೆಟ್ ಜೊತೆ ಅರ್ಧ ಲೀಟರ್ ನೀರಿನ ಬಾಟಲಿನೂ ತಗೊಂಡು ಹೋಗಿ. ಮಾರೋರನ್ನ ಕೇಳಿ, ಟಾಪ್ ಅರ್ಧ ಎತ್ತಿ, ಸೀಟ್ ಬೆಲ್ಟ್ ಕಂಬದ ಹಿಂದಿನ ಮೂಲೆಯಲ್ಲಿ ಆ ತೂತು ಕಾಣತ್ತೆ, ನಿಧಾನಕ್ಕೆ ನೀರು ಬಿಡಿ. ಹಿಂದಿನ ಚಕ್ರದ ಮುಂದೆ ಬಗ್ಗಿ ನೋಡಿ. ಕೆಲವೇ ಸೆಕೆಂಡಲ್ಲಿ ನೆಲಕ್ಕೆ ಧಾರೆ ಬಿದ್ರೆ ಇನ್ನೊಂದು ಕಡೆಗೂ ಹಾಗೇ ಮಾಡಿ. ಬೀಳಲಿಲ್ಲ ಅಂದ್ರೆ, ಆ ನೀರು ಈಗ ಎಲ್ಲಿದೆ ಅಂತ ಮಾರೋರನ್ನೇ ಕೇಳಿ.